ಸದ್ದಿಲ್ಲದವಳ ಹೆಜ್ಜೆ

ಆ ಕೋಟೆಯಲ್ಲಿ ನೆಲ ಹಾಡುತ್ತಿತ್ತು.

ಕೋಟೆ ಬೆಟ್ಟದ ತುದಿಯಲ್ಲಿತ್ತು. ಬೆಟ್ಟದ ಸುತ್ತ ಬಿದಿರು, ಬಿದಿರಿನ ಸುತ್ತ ಮಂಜು. ಮಂಜಿನ ಆಚೆ ಏನಿದೆ ಎಂದು ಕೋಟೆಯವರು ಯಾವತ್ತೂ ವಿಚಾರಿಸಿದವರಲ್ಲ. ಗೋಡೆಗಳು ಕಾಗದದವು, ಬಾಗಿಲುಗಳೂ ಕಾಗದದವು. ನೆಲ ಮಾತ್ರ ಮರದ್ದು. ಒಂದೊಂದು ಹಲಗೆಯ ಅಡಿಯಲ್ಲೂ ಕಬ್ಬಿಣದ ಕೊಂಡಿ, ಕೊಂಡಿಯೊಳಗೆ ಮೊಳೆ. ಹಲಗೆಯ ಮೇಲೆ ಕಾಲಿಟ್ಟರೆ ಮೊಳೆ ಕೊಂಡಿಗೆ ಉಜ್ಜಿ ಹಕ್ಕಿಮರಿ ಕೂಗಿದ ಹಾಗೆ ಸದ್ದಾಗುತ್ತಿತ್ತು. ಕೊಲೆಗಡುಕರು ಬಂದರೆ ಗೊತ್ತಾಗಲಿ ಎಂದು ಯಾವುದೋ ಕಾಲದ ಧಣಿ ಹಾಕಿಸಿದ ನೆಲ. ಆ ಧಣಿ ಸತ್ತ. ನೆಲ ಉಳಿಯಿತು. ನೆಲದ ಜೊತೆಗೆ ಒಂದು ಕಟ್ಟಳೆಯೂ ಬೆಳೆಯಿತು.

ಕಟ್ಟಳೆ ಇಷ್ಟೇ. ಯಾರ ಕಾಲಿಗೆ ನೆಲ ಹಾಡುತ್ತದೋ ಅವರು ಇದ್ದಾರೆ. ಯಾರ ಕಾಲಿಗೆ ಹಾಡುವುದಿಲ್ಲವೋ ಅವರು ಇಲ್ಲ.

ಇಲ್ಲದವರ ಜೊತೆ ಮಾತಾಡಬಾರದು. ಇಲ್ಲದವರ ಕಡೆ ನೋಡಬಾರದು. ಇಲ್ಲದವರಿಗೆ ಅನ್ನ ಬಡಿಸಬಾರದು, ಹೊದಿಕೆ ಕೊಡಬಾರದು, ಸತ್ತರೆ ಅಳಬಾರದು. ಕೊಂದರೆ ಅದು ಕೊಲೆಯಲ್ಲ.

ಉದ್ದ ಪಡಸಾಲೆಯ ತುದಿಯಲ್ಲಿ ಕಿವಿಯಜ್ಜ ಕೂತಿರುತ್ತಿದ್ದ. ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಮಂಡಿಯೂರಿ, ಬೆಳಗಿನಿಂದ ಸಂಜೆಯವರೆಗೆ. ಹೆಜ್ಜೆಯ ಸದ್ದಾದರೆ "ಕೇಳಿತು" ಎನ್ನುತ್ತಿದ್ದ. ಅವನು ಕೇಳಿತು ಎಂದವರು ಆ ದಿನ ಬದುಕಿರುತ್ತಿದ್ದರು.

ಈ ಕೋಟೆಯಲ್ಲಿ ಒಬ್ಬಳಿದ್ದಳು. ಇರಲಿಲ್ಲ ಎಂದು ಕಟ್ಟಳೆ ಹೇಳುತ್ತದೆ. ಹೇಳಿಕೊಳ್ಳಲಿ. ಇದ್ದಳು.

ಅವಳಂಥವರನ್ನು ಆ ನಾಡಿನಲ್ಲಿ ಶಿನೋಬಿ ಎನ್ನುತ್ತಿದ್ದರು, ಅಡಗಿ ಇರುವವರು ಎಂದು ಅರ್ಥ. ಐದನೆಯ ವಯಸ್ಸಿಗೆ ಅವಳನ್ನು ಬೆಟ್ಟದ ಗುರುವಿನ ಹತ್ತಿರ ತಂದುಬಿಟ್ಟಿದ್ದರು. ಗುರು ನೆಲದ ಮೇಲೆ ಕಾಗದ ಹಾಸಿದ, ಕಾಗದಕ್ಕೆ ನೀರು ಚಿಮುಕಿಸಿದ, ನಡಿ ಎಂದ. ಕಾಗದ ಹರಿದರೆ ಬಿದಿರಿನ ಏಟು, ಹರಿಯದಿದ್ದರೆ ಅನ್ನ. ಹನ್ನೆರಡು ವರ್ಷ ಅವಳು ಒದ್ದೆ ಕಾಗದದ ಮೇಲೆ ನಡೆದಳು. ಕಡೆಗೆ ಒಂದು ದಿನ ಗುರು ಅವಳ ಹೆಸರನ್ನು ಅಂಥದೇ ಒಂದು ಕಾಗದದ ಮೇಲೆ ಬರೆದು, ಹರಿಯುವ ನೀರಿಗೆ ಬಿಟ್ಟು, "ಈಗ ನೀನು ತಯಾರಾದೆ" ಎಂದ. ಆವತ್ತಿನಿಂದ ಅವಳು ಸದ್ದಿಲ್ಲದವಳು.

ಸದ್ದಿಲ್ಲದವಳು ಕೋಟೆಗೆ ಬಂದಳು. ನೆಲ ಹಾಡಲಿಲ್ಲ.

ಅವಳು ಬಂದು ಹತ್ತು ವರ್ಷವಾದ ಮೇಲೆ ದೊಡ್ಡ ಧಣಿ ಯುದ್ಧದಲ್ಲಿ ಗಾಯಗೊಂಡು ಮನೆಗೆ ಬಂದು ಮಲಗಿದ. ಅವನ ಹೆಂಡತಿ ಪಕ್ಕದ ಕೋಣೆಯಲ್ಲಿ ಹೆತ್ತು, ಹೆತ್ತ ಗಳಿಗೆಯಲ್ಲೇ ಹೋಗಿದ್ದಳು. ದೊಡ್ಡ ಧಣಿ ಗೋಡೆಯ ಕಡೆ ಮುಖ ಮಾಡಿ, ಗೋಡೆಗೆ ಹೇಳುವ ಹಾಗೆ ಹೇಳಿದ: "ನನ್ನ ಮಗೂನ ಯಾರಾದರೂ ನೋಡಿಕೊಳ್ಳಬೇಕು." ಸಾಯುವಾಗಲೂ ಅವನು ಕಟ್ಟಳೆ ಮೀರಲಿಲ್ಲ, ಪುಣ್ಯಾತ್ಮ. ಸದ್ದಿಲ್ಲದವಳು ಗೋಡೆಯ ಪಕ್ಕದಿಂದ ಬಂದು ಮಗುವನ್ನು ಎತ್ತಿಕೊಂಡಳು.

ಎಂಟು ವರ್ಷ ಎತ್ತಿಕೊಂಡಳು. ಗಂಜಿಯ ತಿಳಿಯಲ್ಲಿ ಬತ್ತಿ ಅದ್ದಿ ಬಾಯಿಗೆ ಬಿಟ್ಟಳು. ಹೇತದ್ದು ತೊಳೆದಳು. ಜ್ವರ ಬಂದರೆ ಎದೆಯ ಮೇಲೆ ಮಲಗಿಸಿಕೊಂಡಳು. ಮಗು ತಿನ್ನುವ ತುತ್ತನ್ನು ಮೊದಲು ತಾನು ತಿಂದು, ವಿಷವಿಲ್ಲವೆಂದು ಖಾತ್ರಿಯಾದ ಮೇಲೆ ತಿನ್ನಿಸಿದಳು. ಮಗು ದುಂಡಗಾಯಿತು. ಕೋಟೆಯ ಹಿರಿಯರು ಅದರ ಕೆನ್ನೆ ನೋಡಿ ಸಂತೋಷಪಟ್ಟರು.

"ಧಣಿ ವಂಶದ ರಕ್ತ ನೋಡಿ," ಎಂದರು. "ತಾಯಿ ಇಲ್ಲ, ತಂದೆ ಇಲ್ಲ. ತಾನಾಗಿ ತಾನೇ ಹೇಗೆ ಬೆಳೀತಿದೆ ಮಗು."

ಸದ್ದಿಲ್ಲದವಳು ಕಂಬದ ಮರೆಯಲ್ಲಿ ನಿಂತು, ಮಗುವಿನ ಒದ್ದೆ ಬಟ್ಟೆ ಹಿಂಡುತ್ತಾ, ಇದನ್ನು ಕೇಳಿಸಿಕೊಂಡಳು.

ಕೋಟೆಯಲ್ಲಿ ಅವಳ ಜೊತೆ ಮಾತಾಡುತ್ತಿದ್ದವರು ಇಬ್ಬರೇ. ಒಬ್ಬ ಈ ಮಗುವೇ, ಚಿಕ್ಕ ಧಣಿ. ಎಂಟು ತುಂಬುವವರೆಗೆ ಮಕ್ಕಳಿಗೆ ಕಟ್ಟಳೆ ಇಲ್ಲ, ಯಾರ ಜೊತೆ ಬೇಕಾದರೂ ಮಾತಾಡಬಹುದು. ಕರೆಯಲು ಹೆಸರಿಲ್ಲದ್ದರಿಂದ ಅವನು ಅವಳ ತೋಳು ಜಗ್ಗುತ್ತಿದ್ದ. ಇನ್ನೊಬ್ಬಳು ಅಡುಗೆಯವಳು. ಅವಳಿಗೆ ಕಟ್ಟಳೆ ಇತ್ತು. ಆದರೆ ಬಾಯಿಯೂ ಇತ್ತು. ಆದ್ದರಿಂದ ಅವಳು ಒಲೆಯ ಮೇಲಿನ ಬೋಗುಣಿಯ ಜೊತೆ ಮಾತಾಡುತ್ತಿದ್ದಳು.

"ಏ ಬೋಗುಣಿ," ಎನ್ನುತ್ತಿದ್ದಳು, ಬೆನ್ನು ತಿರುಗಿಸಿಕೊಂಡೇ. "ಬೆಕ್ಕಿಗೆ ಅಂತ ಅನ್ನ ತೆಗೆದಿಟ್ಟಿದೀನಿ. ಮೀನೂ ಇದೆ. ಈ ಬೆಕ್ಕು ತಿಂದ ತಟ್ಟೆ ತೊಳೆದಿಡತ್ತೆ ನೋಡು, ಎಂಥಾ ಮರ್ಯಾದೆ. ನನ್ನ ಗಂಡನಿಗಿಂತ ವಾಸಿ."

ಕೊಲೆಗಡುಕರು ರಾತ್ರಿ ಬರುತ್ತಾರೆ ಎಂದು ಕಥೆಗಳಲ್ಲಿ ಹೇಳುತ್ತಾರೆ. ಈ ಕೋಟೆಗೆ ಅವರು ಊಟದ ಹೊತ್ತಿಗೆ ಬರುತ್ತಿದ್ದರು. ಎಲ್ಲರ ಬಾಯಲ್ಲೂ ಅನ್ನ ಇರುವಾಗ, ಬೆಳಕು ಚೆನ್ನಾಗಿರುವಾಗ. ಅವರೂ ಒದ್ದೆ ಕಾಗದದ ಮೇಲೆ ನಡೆದು ಕಲಿತವರೇ. ಅವರ ಕಾಲಿಗೂ ನೆಲ ಹಾಡುತ್ತಿರಲಿಲ್ಲ. ಎಂಟು ವರ್ಷದಲ್ಲಿ ಹನ್ನೊಂದು ಜನ ಬಂದರು. ಹನ್ನೊಂದು ಜನರನ್ನೂ ಸದ್ದಿಲ್ಲದವಳು ಮಗುವಿನ ಕೋಣೆ ಮುಟ್ಟುವ ಮೊದಲೇ ತಡೆದಳು. ಇಲ್ಲದವನು ಬಂದ, ಇಲ್ಲದವಳು ಕೊಂದಳು, ಏನೂ ಆಗಲಿಲ್ಲ. ಹಿರಿಯರು ಉಪ್ಪಿನಕಾಯಿ ನೆಂಜಿಕೊಂಡು ಊಟ ಮುಗಿಸಿದರು.

"ಬೋಗುಣಿ," ಎಂದಳು ಅಡುಗೆಯವಳು ಮಾರನೆಯ ದಿನ, "ಹಿತ್ತಿಲ ಕೆಸುವಿನ ಮಡಿಯಲ್ಲಿ ಮತ್ತೆ ಹೊಸಾ ಮಣ್ಣು ಅಗೆದಿದೆ. ಈ ಕೋಟೆಯಲ್ಲಿ ಏನೂ ಆಗಲ್ಲಪ್ಪ. ಕೆಸು ಮಾತ್ರ ತುಂಬಾ ಚೆನ್ನಾಗಿ ಬರತ್ತೆ."

ಸದ್ದಿಲ್ಲದವಳು ಮಾಡಿದ ತಪ್ಪು ಒಂದೇ. ಅವಳಂಥವಳು ಮಾತ್ರ ಮಾಡಬಹುದಾದ ತಪ್ಪು ಅದು.

ಮಗು ಅವಳ ಹಿಂದೆ ನಡೆದೇ ನಡೆಯಲು ಕಲಿಯಿತು. ಅವಳು ಬೆರಳಿನ ತುದಿ ಊರಿದರೆ ಅದೂ ಊರಿತು. ಅವಳು ಹಿಮ್ಮಡಿಯನ್ನು ಗಾಳಿಯಲ್ಲಿ ಹಿಡಿದರೆ ಅದೂ ಹಿಡಿಯಿತು. ಎರಡನೆಯ ವರ್ಷಕ್ಕೆ ಅದು ಪಡಸಾಲೆಯಲ್ಲಿ ಹತ್ತು ಹೆಜ್ಜೆ ಹಾಕಿತು, ನೆಲ ಹಾಡಲಿಲ್ಲ. ಅವಳಿಗೆ ಎದೆ ತುಂಬಿ ಬಂತು. ಸದ್ದು ಮಾಡದ ಮಗುವನ್ನು ಕೊಲೆಗಡುಕ ಹುಡುಕಲಾರ. ಅವಳು ಕಾಗದ ಹಾಸಿದಳು, ನೀರು ಚಿಮುಕಿಸಿದಳು, ನಡೀರಿ ಧಣಿ ಎಂದಳು. ಬಿದಿರು ಮಾತ್ರ ಹಿಡಿಯಲಿಲ್ಲ. ಕಾಗದ ಹರಿಯದ ದಿನ ಒಣಹಣ್ಣು ಕೊಟ್ಟಳು.

ಕಾಗದ ಬೇಕಾದಷ್ಟಿತ್ತು. ಚಿಕ್ಕ ಧಣಿಯ ಚಿಕ್ಕಪ್ಪ ಪ್ರತಿ ವರ್ಷ ಮಗುವಿನ ಕೋಣೆಗೆ ಸುರುಳಿಗಟ್ಟಲೆ ಬಿಳಿ ಕಾಗದ ಕಳಿಸುತ್ತಿದ್ದ. ದೊಡ್ಡ ಧಣಿಯ ಒಡಹುಟ್ಟಿದ ತಮ್ಮ, ಧಣಿಯ ಆಸನ ತುಂಬುವವರೆಗೆ ಕೋಟೆಯನ್ನು ನೋಡಿಕೊಳ್ಳುತ್ತಿದ್ದವನು. ಮಗು ಚಿತ್ರ ಬರೆಯಲಿ ಎಂದು ಕಳಿಸುತ್ತಾನೆ ಎಂದುಕೊಂಡಳು ಸದ್ದಿಲ್ಲದವಳು. ಈ ಮನೆಯಲ್ಲಿ ಒಬ್ಬನಿಗಾದರೂ ಮಗುವಿನ ನೆನಪಿದೆಯಲ್ಲ ಎಂದುಕೊಂಡಳು.

ಎಂಟು ತುಂಬಲು ಏಳು ದಿನ ಉಳಿದಿತ್ತು. ಅಡುಗೆಯವಳು ಮೂಲಂಗಿ ಹೆರೆಯುತ್ತಿದ್ದಳು.

"ಬೋಗುಣಿ, ಇನ್ನು ಏಳು ದಿನಕ್ಕೆ ಮಗೂದು ಪಡಸಾಲೆ ನಡಿಗೆ," ಎಂದಳು. "ನೂರೆಂಟು ಹಲಗೆ, ಬರಿಗಾಲು. ಕಿವಿಯಜ್ಜ ಕೇಳಿತು ಅಂದ್ರೆ ಮಗು ಧಣಿ. ಅನ್ನದಿದ್ರೆ..." ಮೂಲಂಗಿ ಕೆಳಗಿಟ್ಟಳು. "ಬೋಗುಣಿ, ನಂಗೊಂದು ಯೋಚನೆ. ಎಂಟು ವರ್ಷ ಆಯ್ತು, ಆ ಮಗು ಅಡುಗೆಮನೆಗೆ ಬಂದಿದ್ದು ಒಂದ್ಸಲಾನಾದ್ರೂ ನಂಗೆ ಕೇಳಿಸಿದೆಯಾ? ತಿರುಗಿ ನೋಡಿದ್ರೆ ಹಿಂದೆ ನಿಂತಿರತ್ತೆ, ಒಣಹಣ್ಣಿನ ಭರಣಿಯೊಳಗೆ ಕೈ. ನಾನು ಕಿವುಡಿಯೇನಲ್ಲ. ಯಾರೋ ಬುದ್ಧಿವಂತರು ಅದಕ್ಕೆ ನಡೆಯೋದು ಕಲಿಸಿದಾರೆ."

ಹಿಂದೆ ತಟ್ಟೆಯೊಂದು ನೆಲಕ್ಕೆ ತಾಗಿ ಟಣ್ ಎಂದಿತು. ಹದಿನೆಂಟು ವರ್ಷದಲ್ಲಿ ಸದ್ದಿಲ್ಲದವಳ ಕೈಯಿಂದ ಬಂದ ಮೊದಲ ಸದ್ದು ಅದು.

"ಬೆಕ್ಕು," ಎಂದು ಅಡುಗೆಯವಳು ಬೋಗುಣಿಗೆ ಹೇಳಿದಳು. ತಿರುಗಲಿಲ್ಲ. ಮೂಲಂಗಿಯ ಮೇಲೆ ಅವಳ ಕಣ್ಣೀರು ಬೀಳುತ್ತಿತ್ತು. ಮೂಲಂಗಿ ಹೆರೆದರೆ ಕಣ್ಣೀರು ಬರುವುದಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಒಬ್ಬನೇ ಅಂಗಳದಲ್ಲಿ ಕೂತು, ಕುಂಡದಲ್ಲಿದ್ದ ಮೊಣಕಾಲೆತ್ತರದ ಪೈನ್ ಗಿಡಕ್ಕೆ ಕತ್ತರಿ ಆಡಿಸುತ್ತಿದ್ದ. ಸದ್ದಿಲ್ಲದವಳು ಅವನ ಹಿಂದೆ ಬಂದು ನಿಂತಳು. ಅವನಿಗೆ ಗೊತ್ತಾಯಿತು. ಗಿಡದ ಜೊತೆ ಮಾತಾಡಿದ.

"ಇಲ್ಲಿ ಯಾರೂ ಇಲ್ಲ, ಮನಸ್ಸು ಬಿಚ್ಚಿ ಮಾತಾಡಬಹುದು," ಎಂದ. "ಹನ್ನೊಂದು ಜನಕ್ಕೆ ಕೂಲಿ ಕೊಟ್ಟೆ. ಎಲ್ಲ ದಂಡ. ಕಾಗದಕ್ಕೆ ಕೊಟ್ಟಿದ್ದು ಮಾತ್ರ ಸಾರ್ಥಕ ಆಯ್ತು. ಗಿಡಾನ ಕುಳ್ಳಗೆ ಮಾಡೋಕೆ ಕೊಡಲಿ ಬೇಡ, ನೋಡು. ಪ್ರೀತಿಯಿಂದ ಬೇರು ಕತ್ತರಿಸೋರು ಒಬ್ಬರು ಸಿಕ್ಕಿದರೆ ಸಾಕು." ಒಂದು ಚಿಗುರು ಕತ್ತರಿಸಿದ. "ಕೇಳಿಸದ ಹುಡುಗ ಧಣಿ ಅಲ್ಲ. ಹುಡುಗನೂ ಅಲ್ಲ. ನಾಳೆ ಬಾವಿಗೆ ಬಿದ್ದ ಅಂದ್ರೆ ಬಾವಿಗೆ ಯಾರೂ ಬಿದ್ದಿಲ್ಲ."

ಅವಳ ಕೈಯಲ್ಲಿ ಕತ್ತಿಯಿತ್ತು. ಅವನ ಕುತ್ತಿಗೆ ಒಂದು ಮೊಳ ದೂರದಲ್ಲಿತ್ತು. ಆದರೆ ಧಣಿ ವಂಶದ ರಕ್ತದ ಮೇಲೆ ಕೈ ಎತ್ತುವುದಿಲ್ಲ ಎಂದು ಅವಳು ಆಣೆ ಮಾಡಿದ್ದಳು. ಅವನನ್ನು ಕೊಂದರೂ ಮಗುವಿನ ಕಾಲಿಗೆ ನೆಲ ಹಾಡುವುದಿಲ್ಲವಲ್ಲ. ಹಿರಿಯರು ಇನ್ನೊಬ್ಬ ಚಿಕ್ಕಪ್ಪನನ್ನು ಹುಡುಕುತ್ತಾರೆ. ಮಗುವನ್ನು ಹೊತ್ತು ಓಡೋಣವೆಂದರೆ, ಮಂಜಿನ ಆಚೆಯವರೆಗೂ ಕುದುರೆಗಳು ಬರುತ್ತವೆ. ಆಸನವಿಲ್ಲದ ಧಣಿ ಮಗುವಿಗೆ ಆಯುಸ್ಸಿಲ್ಲ.

"ಹಲಗೆಯ ಅಡಿಯಲ್ಲಿ ಮಲಗಿ ಯಾರಾದರೂ ಮೊಳೆ ಅಲ್ಲಾಡಿಸಬಹುದು ಅಂತ ನನಗೂ ಹೊಳೆದಿತ್ತು," ಎಂದ ಚಿಕ್ಕಪ್ಪ ಗಿಡಕ್ಕೆ. "ಹೋದ ವಾರವೇ ಅಡಿಗೆಲ್ಲ ಮರಳು ತುಂಬಿಸಿದೀನಿ."

ಅವಳಿಗೆ ಉಳಿದದ್ದು ಏಳು ದಿನ, ಎರಡು ಪುಟ್ಟ ಕಾಲು.

"ಜೋರಾಗಿ ಕಾಲಿಡಿ ಧಣಿ."

"ಇಟ್ಟೆ."

"ಇನ್ನೂ ಜೋರು."

"ಇಟ್ಟೆ ಅಂದ್ನಲ್ಲ."

ನೆಲ ಹಾಡಲಿಲ್ಲ. ಅವನ ಅಂಗಿಯ ತೋಳಿನ ಚೀಲಗಳಲ್ಲಿ ಕಲ್ಲು ತುಂಬಿಸಿದಳು. ಭಾರ ಹೆಚ್ಚಾದಷ್ಟೂ ಕಾಲು ಇನ್ನೂ ಹುಷಾರಾಯಿತು. ನೆಗೆಯಿರಿ ಎಂದಳು. ಹತ್ತಿಯ ಉಂಡೆಯ ಹಾಗೆ ಇಳಿದ. ಓಡಿ ಎಂದಳು. ಓಡುವಾಗಲೂ ಬೆರಳುಗಳು ತಾವೇ ಹುಡುಕಿಕೊಂಡು ಹೋಗಿ ಮೊಳೆಯ ಪಕ್ಕದ ಗಟ್ಟಿ ಜಾಗದಲ್ಲಿ ಊರಿದವು. ಒಂದು ದಿನ, ಎರಡು ದಿನ, ನಾಲ್ಕು ದಿನ. ನೆಲ ಹಾಡಲಿಲ್ಲ.

ಐದನೆಯ ದಿನ ಅವಳು ರೇಗಿದಳು. ರೇಗುವುದೂ ಪಿಸುಮಾತಿನಲ್ಲೇ. "ಕಾಲು ಅಂತ ಇರೋದು ಯಾತಕ್ಕೆ ನಿಮಗೆ? ಅಷ್ಟೂ ಬರಲ್ವಾ?"

"ನೀನೇ ಅಲ್ವಾ ಹೀಗೆ ಹೇಳಿಕೊಟ್ಟಿದ್ದು?" ಎಂದ ಚಿಕ್ಕ ಧಣಿ. "ನಿಂಗೆ ಬರತ್ತಾ? ನೀನು ಮಾಡು ನೋಡೋಣ."

ಅವಳು ಕಾಲೆತ್ತಿ ಇಟ್ಟಳು. ನೆಲ ಹಾಡಲಿಲ್ಲ. ಮತ್ತೆ ಇಟ್ಟಳು. ಇಲ್ಲ. ಚಿಕ್ಕ ಧಣಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಮುಂದಕ್ಕೆ ಬಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಸದ್ದೇ ಇಲ್ಲ. ಬಾಯಿ ತೆರೆದಿತ್ತು, ಭುಜ ಕುಣಿಯುತ್ತಿತ್ತು, ಗಂಟಲಿಂದ ಏನೂ ಬರಲಿಲ್ಲ. ಎಷ್ಟೋ ಸಲ ನೋಡಿದ್ದ ನಗು ಅದು. ಈವತ್ತು ಮೊದಲ ಸಲ ನೋಡಿದ ಹಾಗಾಯಿತು ಅವಳಿಗೆ. ಇದನ್ನೂ ನಾನೇ ಕಲಿಸಿದೆನೇ? ಯಾವತ್ತು ಕಲಿಸಿದೆ?

ನಗು ನಿಂತ ಮೇಲೆ ಅವನು ಅವಳ ತೋಳು ಜಗ್ಗಿದ. "ನಾನು ಕೇಳಿಸದಿದ್ರೆ ಏನಾಗತ್ತೆ?"

"ಚಿಕ್ಕಪ್ಪ ಧಣಿ ಆಗ್ತಾರೆ."

"ಆಗ್ಲಿ ಬಿಡು. ನಾನು ನಿನ್ನ ಹಾಗೇ ಇರ್ತೀನಿ."

"ನನ್ನ ಹಾಗೆ ಇರೋಕಾಗಲ್ಲ ಧಣಿ. ನಿಮ್ಮನ್ನ ಕಾಯ್ಲಿ ಅಂತ ನನ್ನ ಇಟ್ಟುಕೊಂಡಿದಾರೆ. ನಿಮ್ಮನ್ನ ಯಾತಕ್ಕೆ ಇಟ್ಕೋತಾರೆ?"

ಅವನು ಯೋಚಿಸಿದ. "ಕೇಳಿಸಿದ್ರೆ?"

"ಧಣಿ ಆಗ್ತೀರಿ. ಎಂಟು ತುಂಬಿದೋರು ಇಲ್ಲದೋರ ಜೊತೆ ಮಾತಾಡಬಾರದು."

"ಹಂಗಾದ್ರೆ ಕೇಳಿಸಿದ್ರೂ ನೀನಿರಲ್ಲ, ಕೇಳಿಸದಿದ್ರೆ ನಾನಿರಲ್ಲ," ಎಂದ ಚಿಕ್ಕ ಧಣಿ. "ಈ ಕಟ್ಟಳೆ ಮಾಡಿದೋರು ದಡ್ಡರು."

"ದಡ್ಡರಲ್ಲ ಧಣಿ," ಎಂದಳು. "ಅವರ ಬಟ್ಟೆ ಅವರು ಒಗೆಯುತ್ತಿರಲಿಲ್ಲ, ಅಷ್ಟೇ."

ಏಳನೆಯ ದಿನ ಬೆಳಗಾಯಿತು.

ಹಿರಿಯರು ಪಡಸಾಲೆಯ ಎರಡೂ ಕಡೆ ಸಾಲಾಗಿ ಕೂತರು. ಒಂದು ತುದಿಯಲ್ಲಿ ಕಿವಿಯಜ್ಜ, ಅವನ ಹಿಂದೆ ಖಾಲಿ ಆಸನ. ಇನ್ನೊಂದು ತುದಿಯಲ್ಲಿ ಬಿಳಿ ಬಟ್ಟೆ ತೊಟ್ಟ ಚಿಕ್ಕ ಧಣಿ, ಅವನ ಹಿಂದೆ ಚಿಕ್ಕಪ್ಪ. ನಡುವೆ ನೂರೆಂಟು ಹಲಗೆ. ಮೇಲೆ ತೊಲೆಯ ಮರೆಯಲ್ಲಿ ಸದ್ದಿಲ್ಲದವಳು.

ಚಿಕ್ಕ ಧಣಿ ನಡೆದ. ಹತ್ತು ಹಲಗೆ, ನೆಲ ಹಾಡಲಿಲ್ಲ. ಇಪ್ಪತ್ತು ಹಲಗೆ, ನೆಲ ಹಾಡಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ಹಲಗೆ. ಸಾಲಿನ ಮೊದಲನೆಯ ಹಿರಿಯ ಕಣ್ಣು ಕೆಳಗೆ ಹಾಕಿದ. ಎರಡನೆಯವನು ಹಾಕಿದ. ಮಗು ಮುಂದೆ ಮುಂದೆ ಬಂದ ಹಾಗೆ ಎರಡೂ ಕಡೆಯ ಕಣ್ಣುಗಳು ಒಂದೊಂದಾಗಿ ಕೆಳಗೆ ಹೋದವು. ಹುಟ್ಟಿದಾಗಿನಿಂದ ಕೆನ್ನೆ ಸವರಿದವರು, ರಕ್ತ ನೋಡಿ ಎಂದವರು, ಎಲ್ಲರೂ. ಮಗು ಅದನ್ನು ನೋಡುತ್ತಲೇ ನಡೆಯಿತು. ಐವತ್ತು ಹಲಗೆ. ನೆಲ ಹಾಡಲಿಲ್ಲ.

"ಕಿವಿಯಜ್ಜ," ಎಂದ ಚಿಕ್ಕಪ್ಪ, ಉಳಿದ ಹಲಗೆಗಳಿಗೆ ಕಾಯದೆ, "ಯಾರಾದರೂ ಬಂದರೇ?"

"ಯಾರೂ ಕೇಳಿಸಲಿಲ್ಲ."

"ಹಾಗಾದರೆ ಆಸನ ಖಾಲಿ ಇದೆ."

ಚಿಕ್ಕಪ್ಪ ಎದ್ದು ಆಸನದ ಕಡೆ ನಡೆದ. ಅವನ ಕಾಲಿಗೆ ನೆಲ ಹಾಡಿತು. ಪಡಸಾಲೆಯ ನಡುವೆ ನಿಂತಿದ್ದ ಮಗುವಿನ ಹತ್ತಿರ ಬಂದರೂ ಪಕ್ಕಕ್ಕೆ ಸರಿಯಲಿಲ್ಲ. ಇಲ್ಲದವರಿಗೆ ಯಾಕೆ ಸರಿಯಬೇಕು? ಅವನ ಮಂಡಿ ಮಗುವಿನ ಬೆನ್ನಿಗೆ ಬಡಿಯಿತು. ಮಗು ಬಿತ್ತು. ಮೊಣಕೈ ಒಡೆದು ಅಂಗಿಯ ಬಿಳಿ ತೋಳು ಕೆಂಪಾಯಿತು. ಮಗು ಬಿದ್ದದ್ದಕ್ಕೂ ಸದ್ದಾಗಲಿಲ್ಲ. ಭುಜ ಮೊದಲು, ಸೊಂಟ ಆಮೇಲೆ, ಕಲಿಸಿದ ಹಾಗೆ. ಬಾಯಿ ಬಿಗಿಯಾಗಿ ಮುಚ್ಚಿತ್ತು. ನೋವಾದರೂ ಅಳದೆ, ಅವ್ವಾ ಎನ್ನದೆ, ಎಂಟು ವರ್ಷದ ಮಗು ಮೇಲೆ ತೊಲೆಯ ಕಡೆ ನೋಡಿತು.

ಸದ್ದಿಲ್ಲದವಳ ಹತ್ತಿರ ಉಪಾಯ ಏನೂ ಇರಲಿಲ್ಲ. ಸಿಟ್ಟಿತ್ತು. ಅಂಗಾಲಿನಿಂದ ಹತ್ತಿ, ಮೀನಖಂಡದಿಂದ ಹತ್ತಿ, ಅದು ತಿರುಗಿ ಕಾಲಿಗೇ ಇಳಿಯಿತು. ಅವಳು ಮರೆಯಿಂದ ಇಳಿದು ಹಿಮ್ಮಡಿಯನ್ನು ಹಲಗೆಯ ಮೇಲೆ ಊರಿದಳು.

ನೆಲ ಹಾಡಿತು.

ಹಾಡಿತು ಎಂದರೆ ಕಿರುಚಿತು. ಕಿವಿಯಜ್ಜ ಅಭ್ಯಾಸಬಲದಿಂದ "ಕೇಳಿತು" ಎಂದ. ಆಮೇಲೆ ಕತ್ತು ವಾಲಿಸಿ, "ಯಾರದಿದು? ಈ ಕಾಲು ನನಗೆ ಗೊತ್ತಿಲ್ಲ," ಎಂದ.

ಎಲ್ಲರೂ ನೋಡಿದರು. ಕೇಳಿಸಿದ ಮೇಲೆ ನೋಡಲೇಬೇಕು.

"ಇವಳು ಯಾವಾಗ ಬಂದಳು?" ಎಂದ ಒಬ್ಬ ಹಿರಿಯ.

"ನಿಮ್ಮ ಮೊಮ್ಮಗಳ ಹೆಸರಿಡುವ ಊಟಕ್ಕೆ ಎರಡು ವರ್ಷ ಮೊದಲು," ಎಂದಳು ಅವಳು. ಬಳಸದ ಗಂಟಲು, ದನಿ ಮರ ಸೀಳಿದ ಹಾಗೆ ಬಂತು. ಅವಳು ನಡೆದಳು, ಹೆಜ್ಜೆಗೊಂದು ಹಲಗೆ ಕೂಗಿತು. "ಮಗು ಬಿತ್ತು. ಕೈ ಒಡೆದಿದೆ. ನಿಮಗೆ ಕಾಣಿಸಲಿಲ್ವಾ? ಕಣ್ಣು ಇರೋದು ಉಪ್ಪಿನಕಾಯಿ ನೋಡೋಕೆ ಮಾತ್ರಾನಾ? ಎಂಟು ವರ್ಷ ಇದರ ತಲೆ ಮೇಲೆ ಕೈಯಿಟ್ಟು ತಾನಾಗಿ ಬೆಳೀತು ಅಂದ್ರಲ್ಲ, ತಾನಾಗಿ ಬೆಳೆಯೋಕೆ ಇದೇನು ಅಣಬೆಯಾ?"

"ಏನು ಬಾಯಿ ಇವಳದು," ಎಂದು ಇನ್ನೊಬ್ಬ ಹಿರಿಯ ಪಕ್ಕದವನಿಗೆ ಹೇಳಿದ.

"ಇಷ್ಟು ವರ್ಷ ಮುಚ್ಚಿಟ್ಟಿದ್ದ ಬಾಯಿ ಅಜ್ಜಾರೇ. ಹುಳಿ ಬಂದಿದೆ."

ಚಿಕ್ಕಪ್ಪ ಬೆರಳು ಎತ್ತಿದ. ಕೋಟೆಯೊಳಗೆ ಶಿನೋಬಿಯ ಹೆಜ್ಜೆ ಕೇಳಿಸಿದರೆ, ಹಾಡಿದ ಹಲಗೆಯ ಮೇಲೇ ಅವಳನ್ನು ಕಡಿಯಬೇಕು. ಅದೂ ಒಂದು ಕಟ್ಟಳೆ. ಭಟರು ಬಂದು ಅವಳ ತೋಳು ತಿರುಚಿ ಮಂಡಿಯೂರಿಸಿದರು. ಅವಳು ಹನ್ನೊಂದು ಜನರನ್ನು ಕೊಂದವಳು, ಈ ಇಬ್ಬರು ಅವಳಿಗೆ ಲೆಕ್ಕವಲ್ಲ. ಆದರೆ ಈ ಭಟರು ಕೇಳಿಸುವವರು, ಧಣಿಯ ಮನೆಯವರು. ಅವರ ಮೇಲೂ ಕೈ ಎತ್ತುವುದಿಲ್ಲ ಎಂದು ಆಣೆಯಿತ್ತು. ಆಣೆ ಮಾಡಿಸಿದವರು ಎಲ್ಲವನ್ನೂ ಮೊದಲೇ ಯೋಚಿಸಿದ್ದರು. ಒಬ್ಬ ಭಟ ಕತ್ತಿ ಎಳೆದು ಅವಳ ಕುತ್ತಿಗೆಗಿಟ್ಟ.

"ಬಿಡಿ ಅವಳನ್ನ."

ಯಾರೋ ಕೂಗಿದರು. ಯಾರೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆ ದನಿ ಇಷ್ಟು ಗಟ್ಟಿಯಾಗಿ ಬಂದದ್ದನ್ನು ಕೋಟೆಯಲ್ಲಿ ಯಾರೂ ಕೇಳಿರಲಿಲ್ಲ.

"ಬಿಡಿ ಅಂದೆ. ಅವಳು ನನ್ನೋಳು. ಬಿಡ್ರೋ."

ಚಿಕ್ಕ ಧಣಿ ಓಡಿ ಬರುತ್ತಿದ್ದ. ಬೆರಳು ಎಲ್ಲಿ ಊರುತ್ತಿದೆ, ಹಿಮ್ಮಡಿ ಎಲ್ಲಿ ಬೀಳುತ್ತಿದೆ, ಅವನಿಗೆ ನೆನಪಿರಲಿಲ್ಲ. ಭಟನ ಮುಂದೆ ಬಂದು ಎರಡೂ ಕಾಲು ಎತ್ತಿ ಎತ್ತಿ ನೆಲಕ್ಕೆ ಅಪ್ಪಳಿಸಿದ. ಮೂಗಿನಿಂದ ಸಿಂಬಳ ಇಳಿಯಿತು, ಬಾಯಿಂದ ಅಳು ಹೊರಗೆ ಬಂತು, ಗಂಟಲು ಹರಿಯುವಂಥ ಅಳು. ಅವನ ಕಾಲಡಿಯಲ್ಲಿ ನೆಲ ಹಾಡಿತು, ಹಾಡಿತು, ಹಾಡಿತು.

"ಕೇಳಿತು," ಎಂದ ಕಿವಿಯಜ್ಜ. "ಕೇಳಿತು. ಕೇಳಿತು. ಅಯ್ಯೋ, ಸಾಕು ಧಣಿ, ಕೇಳಿತು."

ಕೆಳಗೆ ಹೋಗಿದ್ದ ಕಣ್ಣುಗಳೆಲ್ಲ ಮೇಲೆ ಬಂದವು. ಎಲ್ಲರಿಗಿಂತ ಮೊದಲು ಹಣೆ ನೆಲಕ್ಕಿಟ್ಟವನು ಚಿಕ್ಕಪ್ಪ. ಅಂಥವರಿಗೆ ಯಾವಾಗ ಬಗ್ಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಹಿಂದೆ ಎರಡು ಸಾಲು ಹಿರಿಯರೂ ಬಗ್ಗಿದರು. ಯಾರೋ ಮಗುವಿನ ಮೂಗು ಒರೆಸಿದರು, ಯಾರೋ ಮೊಣಕೈಗೆ ಬಟ್ಟೆ ಸುತ್ತಿದರು, ಎತ್ತಿ ಆಸನದ ಮೇಲೆ ಕೂರಿಸಿದರು. ಕಾಲು ನೆಲಕ್ಕೆ ಎಟುಕಲಿಲ್ಲ. ಬಿಕ್ಕುತ್ತಾ ಕೂತ.

ಚಿಕ್ಕಪ್ಪ ತಲೆ ಎತ್ತಿದ. "ಧಣಿ ಮೊದಲನೇ ಅಪ್ಪಣೆ ಕೊಡಬೇಕು," ಎಂದ, ಬೆಣ್ಣೆಯಂಥ ದನಿಯಲ್ಲಿ. "ಕೇಳಿಸಿದ ಶಿನೋಬಿಯನ್ನು ಕಡಿಯೋದು ನಿಮ್ಮ ತಂದೆ, ತಾತ ನಡೆಸಿಕೊಂಡು ಬಂದ ಕಟ್ಟಳೆ. ಕಟ್ಟಳೆ ಮೀರಿದರೆ ಆಸನ ಉಳಿಯಲ್ಲ. ಈ ಹೆಂಗಸನ್ನು ಏನು ಮಾಡೋಣ?"

ಕತ್ತಿ ಇನ್ನೂ ಅವಳ ಕುತ್ತಿಗೆಯ ಮೇಲೇ ಇತ್ತು.

ಧಣಿ ಅವಳನ್ನು ನೋಡಿದ. ಚಿಕ್ಕಪ್ಪನನ್ನು ನೋಡಿದ. ಕತ್ತಿಯನ್ನು ನೋಡಿದ. ಬಿಕ್ಕು ನಿಂತಿತು. ಅವನ ಕೈ ತನ್ನ ಪಕ್ಕದಲ್ಲಿ ಏನನ್ನೋ ಹುಡುಕಿತು, ಜಗ್ಗಲು ಅಲ್ಲಿ ತೋಳಿರಲಿಲ್ಲ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ಯಾವ ಹೆಂಗಸು?" ಎಂದ.

ಭಟ ಕತ್ತಿಯನ್ನು ಏನು ಮಾಡಬೇಕೆಂದು ತಿಳಿಯದೆ ಚಿಕ್ಕಪ್ಪನ ಕಡೆ ನೋಡಿದ. ಇಲ್ಲದವಳನ್ನು ಕಡಿಯುವುದು ಹೇಗೆ? ಮೊದಲನೆಯ ಹಿರಿಯ ನಿಧಾನವಾಗಿ ಕಣ್ಣು ಕೆಳಗೆ ಹಾಕಿದ. ಎರಡನೆಯವನು ಹಾಕಿದ. "ಎಂಟು ವರ್ಷಕ್ಕೇ ಎಂಥಾ ಬುದ್ಧಿ," ಎಂದು ಯಾರೋ ಮೆಚ್ಚಿಕೊಂಡರು. ಕತ್ತಿ ಒರೆಗೆ ಹೋಯಿತು.

ಅವಳು ಎದ್ದು ನಿಂತಳು. ಮಗು ತನ್ನ ಜೀವ ಉಳಿಸಿತು ಎಂದು ಅವಳಿಗೆ ಗೊತ್ತಾಯಿತು. ಅದಕ್ಕೆ ಬೇರೆ ದಾರಿ ಇರಲಿಲ್ಲ ಎಂದೂ ಗೊತ್ತಾಯಿತು. ಗೋಡೆಯ ಕಡೆ ತಿರುಗಿದ ಆ ಮುಖ ಅಪ್ಪನ ಮುಖವೇ ಎಂದೂ ಗೊತ್ತಾಯಿತು. ಮೊದಲ ಸಲ ಆ ಮಾತು ಅವಳನ್ನು ಉಳಿಸಲು ಬಂತು. ನಾಳೆ ಸುಲಭವಾಗಿ ಬರುತ್ತದೆ. ನಾಡಿದ್ದು ಯೋಚಿಸದೆಯೇ ಬರುತ್ತದೆ. ಎಂಟು ವರ್ಷ ಎದೆಯ ಮೇಲೆ ಮಲಗಿಸಿಕೊಂಡದ್ದು ಇಂಥ ಇನ್ನೊಬ್ಬ ಧಣಿಯನ್ನು ಈ ಆಸನಕ್ಕೆ ಒಪ್ಪಿಸಲೇ?

ಇನ್ನು ಅವನು ಕೇಳಿಸುತ್ತಾನೆ. ಅವನನ್ನು ಕೊಂದರೆ ಅದು ಕೊಲೆಯಾಗುತ್ತದೆ. ಕೇಳಿಸುವವರನ್ನು ಕಾಯಲು ಇಡೀ ಕೋಟೆ ಇದೆ, ಕಾಯಲಿ.

"ಮೊಣಕೈಗೆ ಅರಿಶಿನ ಹಚ್ಚಬೇಕು," ಎಂದು ಗಟ್ಟಿಯಾಗಿ ಹೇಳಿದಳು. "ಬರೀ ಬಟ್ಟೆ ಸುತ್ತಿದರೆ ಕೀವಾಗತ್ತೆ."

ಯಾರೂ ಕೇಳಿಸಿಕೊಳ್ಳಲಿಲ್ಲ. ಧಣಿಯ ಕುತ್ತಿಗೆಯ ನರ ಮಾತ್ರ ಹೊಡೆದುಕೊಳ್ಳುತ್ತಿತ್ತು. ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಅವಳು ತಿರುಗಿ ನಡೆದಳು. ಹಿಮ್ಮಡಿ ಮೊದಲು, ಇಡೀ ಪಾದ ಆಮೇಲೆ. ನೂರೆಂಟು ಹಲಗೆಯಲ್ಲಿ ಒಂದನ್ನೂ ಬಿಡಲಿಲ್ಲ. ಪ್ರತಿ ಹಲಗೆಯೂ ಕೂಗಿತು, ಪ್ರತಿ ಕೂಗಿಗೂ ಹಿರಿಯರ ಕತ್ತು ಇಷ್ಟಿಷ್ಟೇ ಕುಗ್ಗಿತು. ತಿರುಗಿ ನೋಡುವ ಹಾಗಿಲ್ಲ, ಅಲ್ಲಿ ಯಾರೂ ಇಲ್ಲ ಎಂದು ಧಣಿ ಹೇಳಿಯಾಗಿದೆ. ಕಿವಿಯಜ್ಜ ಬಾಯಿ ತೆರೆದ, ಮುಚ್ಚಿದ, ತೆರೆದ. ಐವತ್ತು ವರ್ಷದಲ್ಲಿ ಮೊದಲ ಬಾರಿಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವಳು ಬೋಗುಣಿ ಹಿಡಿದು ನಿಂತಿದ್ದಳು. ಬೋಗುಣಿಗೆ ಏನೂ ಹೇಳಲಿಲ್ಲ. ನೇರವಾಗಿ ಅವಳ ಮುಖ ನೋಡಿ, "ಹೋಗಿ ಬಾ ತಾಯಿ," ಎಂದಳು.

ಹೆಬ್ಬಾಗಿಲಲ್ಲಿ ಕಾವಲುಗಾರ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಒಳಗಿನ ಸುದ್ದಿ ಅವನಿಗೆ ಇನ್ನೂ ಬಂದಿರಲಿಲ್ಲ.

"ನಿಲ್ಲಮ್ಮ. ಯಾರು ನೀನು? ಯಾವಾಗ ಒಳಗೆ ಹೋಗಿದ್ದೆ?"

"ಹದಿನೆಂಟು ವರ್ಷದ ಹಿಂದೆ."

"ತಮಾಷೆ ಬೇಡ. ಇಪ್ಪತ್ತು ವರ್ಷದಿಂದ ಈ ಬಾಗಿಲು ಕಾಯ್ತಿದೀನಿ. ಒಂದು ಇಲಿ ದಾಟಿದ್ರೂ ನಂಗೆ ಗೊತ್ತಾಗತ್ತೆ."

"ಹೋದ ಚಳಿಗಾಲ ಊಟ ಮಾಡಿ ಇಲ್ಲೇ ತೂಕಡಿಸ್ತಿದ್ದೆ. ಒಬ್ಬ ನಿನ್ನ ಕುತ್ತಿಗೆಗೆ ಕತ್ತಿ ಇಟ್ಟಿದ್ದ. ಅವನನ್ನ ಎಳೆದುಹಾಕಿದ್ದು ನಾನು. ನೀನು ಮಗ್ಗುಲು ಬದಲಾಯಿಸಿ ಗೊರಕೆ ಹೊಡೆದೆ. ಬಾಗಿಲು ತೆಗಿ."

ಕಾವಲುಗಾರ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ. ಅಗುಳಿ ಸರಿಸಿದ. ಬಾಗಿಲು ದಾಟಿದವರು ಯಾರೆಂದು ಒಳಗಿನವರಿಗೆ ಕೂಗಿ ಹೇಳುವುದು ಅವನ ಕೆಲಸ. ಬಾಯಿಗೆ ಎರಡೂ ಕೈ ಹಿಡಿದವನು ಹಾಗೇ ತಡೆದ.

"ಏನಂತ ಕೂಗಲಿ, ಅಮ್ಮ?"

"ಹೋದಳು ಅಂತ ಕೂಗು."

ಅವನು ಕೂಗಿದ. ಒಳ್ಳೆಯ ಗಂಟಲು ಅವನದು. ಹೋದಳು ಎನ್ನುವ ಮಾತು ಅಂಗಳ ದಾಟಿ, ಒಂದೊಂದೇ ಕಾಗದದ ಬಾಗಿಲನ್ನು ನಡುಗಿಸುತ್ತಾ, ಪಡಸಾಲೆಯ ಕೊನೆಯ ಆಸನದವರೆಗೂ ಹೋಯಿತು. ಯಾರು ಹೋದದ್ದು ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ವಿಚಾರಿಸುವ ಅಗತ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ.